ನನ್ನ ಹೆಸರಿನ ಗಾಲಿಕುರ್ಚಿ

ರಾಯಚೂರು
18 ನವೆಂಬರ್ 2024

ಮಗಳು ಮುಸರ್ರತ್‌ಗೆ ಅಮ್ಮಿಯ ಸಲಾಂ.

ಟಿಕೆಟ್ ಬಂತು. ನಮ್ಮ ಬಳೆ ಅಂಗಡಿಯ ಪಕ್ಕದ ಜೆರಾಕ್ಸ್ ಜಮೀರ್ ಅದನ್ನು ಕಾಗದಕ್ಕಿಳಿಸಿ ಕೊಟ್ಟ. ಈ ಪತ್ರವನ್ನೂ ಅವನೇ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತಾನೆ. ಓದಬೇಡ ಅಂದಿದ್ದೇನೆ, ಆದರೂ ಓದುತ್ತಾನೆ. ಲೇ ಜಮೀರಾ, ಓದಿದ್ದು ಸಾಕು, ಫೋಟೋ ತೆಗಿ.

ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಅಂತ ಕೇಳಬೇಡ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನಿನಗೆ ಡ್ಯೂಟಿಗೆ ಹೊತ್ತಾಗುತ್ತದೆ. ಮನೆಯಲ್ಲಿ ಆಡುವುದಕ್ಕೆ ನಮ್ಮ ದಖನಿ ಇದೆ, ಬರೆಯುವುದಕ್ಕೆ ಮಾತ್ರ ನಾನು ದೇವದುರ್ಗದ ಶಾಲೆಯಲ್ಲಿ ಕಲಿತ ಕನ್ನಡವೇ ಗತಿ. ಬರೆದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ, ಅದೊಂದು ಸುಖ.

ಈಗ ವಿಷಯಕ್ಕೆ ಬರುತ್ತೇನೆ. ವರ್ಷದಲ್ಲಿ ಬೇರೆ ತಿಂಗಳೇ ಇರಲಿಲ್ಲವೇ? ಭೂಮಿ ಮೇಲಿನ ಜನವೆಲ್ಲ ಕ್ರಿಸ್‌ಮಸ್ಸಿಗೆ ಊರಿಗೆ ಹೊರಡುವ ವಾರದಲ್ಲೇ ನನ್ನನ್ನೂ ವಿಮಾನಕ್ಕೆ ತುರುಕಬೇಕೇ? ದರ ನೋಡಿ ಜಮೀರ್ ಶಿಳ್ಳೆ ಹೊಡೆದ. ನೀನು ಆಸ್ಪತ್ರೆಯಲ್ಲಿ ನರ್ಸು, ಜಹೀರ್ ಬಸ್ ಓಡಿಸುತ್ತಾನೆ. ಊರಿಗೆಲ್ಲ ರಜೆ ಕೊಟ್ಟು ಗಂಡ ಹೆಂಡತಿ ನಿಮ್ಮಿಬ್ಬರನ್ನೇ ಕೆಲಸಕ್ಕೆ ಹಾಕಿದ್ದಾರೆ. ನಿಗಾರ್‌ಳ ಶಾಲೆಗೂ ರಜೆ, ಕೂಸನ್ನು ನೋಡಿಕೊಳ್ಳುವವರಿಲ್ಲ. ಆಯಿತು, ಮೊಮ್ಮಗಳಿಗೋಸ್ಕರ ಬರುತ್ತೇನೆ.

ದಾರಿಯ ಚಿಂತೆ ನಿನಗೆ ಬೇಡ. ಬಳೆ ಬುಟ್ಟಿ ಹೊತ್ತು ದೇವದುರ್ಗದ ಸಂತೆ, ಮಾನ್ವಿಯ ಸಂತೆ, ನಡುವಿನ ಹಳ್ಳಿಗಳನ್ನೆಲ್ಲ ತಿರುಗಿದವಳು ನಾನು. ಕುರ್ಡಿಯಲ್ಲಿ ನನ್ನ ಕೈಯಿಂದ ಬಳೆ ತೊಡಿಸಿಕೊಳ್ಳದ ಮದುಮಗಳಿಲ್ಲ. ಈಗಲೂ ಮನೆಯಿಂದ ತೀನ್ ಕಂದೀಲ್ ಚೌಕದವರೆಗೆ ನಡೆದೇ ಅಂಗಡಿಗೆ ಹೋಗುತ್ತೇನೆ, ಆಟೋದವರು ನನ್ನನ್ನು ಕಂಡರೆ ಹಾರ್ನ್ ಕೂಡ ಹೊಡೆಯುವುದಿಲ್ಲ. ನಿಮ್ಮ ವಿಮಾನ ನಿಲ್ದಾಣ ಎಷ್ಟು ದೊಡ್ಡದಿದ್ದೀತು? ನಡೆದು ನೋಡೇ ಬಿಡುತ್ತೇನೆ.

ನಿನ್ನ ಅಮ್ಮಿ,
ಅಮೀರ್ ಬೀ

*

ಲೀಡ್ಸ್
24 ನವೆಂಬರ್ 2024

ಪ್ರೀತಿಯ ಅಮ್ಮಿಗೆ,

ನಿನ್ನ ಕಾಗದ ಓದಿ ಜಹೀರ್ ಬಿದ್ದು ಬಿದ್ದು ನಕ್ಕರು. ಜಮೀರ್‌ಗೂ ನನ್ನ ಸಲಾಂ, ಹೇಗಿದ್ದರೂ ಇದನ್ನೂ ಓದುತ್ತಾನೆ.

ಬೈಯಬೇಡ ಅಮ್ಮಿ. ಐದು ವರ್ಷದಿಂದ ನಿನ್ನ ಮುಖ ಕಂಡಿಲ್ಲ, ಕ್ರಿಸ್‌ಮಸ್ ಬರೀ ನೆಪ ಅಂತಲೇ ಇಟ್ಟುಕೋ. ನಡುವೆ ಗಲ್ಫ್‌ನಲ್ಲಿ ಇಳಿದು ವಿಮಾನ ಬದಲಿಸಬೇಕು. ಆ ದಿನಗಳಲ್ಲಿ ಅಲ್ಲಿ ಜನವೆಂದರೆ ಜನ, ಕಾಲಿಡಲು ಜಾಗ ಇರುವುದಿಲ್ಲ. ಅದಕ್ಕೇ ನಾನು ಎಲ್ಲ ವ್ಯವಸ್ಥೆ ಮಾಡಿದ್ದೇನೆ. ನೀನು ಏನೂ ಮಾಡಬೇಕಿಲ್ಲ, ಯಾರನ್ನೂ ಏನೂ ಕೇಳಬೇಕಿಲ್ಲ. ಅವರು ಹೇಳಿದ ಕಡೆ ಸುಮ್ಮನೆ ಕೂತಿದ್ದರೆ ಸಾಕು, ನನ್ನ ಮುಂದೆ ತಂದು ಇಳಿಸುತ್ತಾರೆ.

ಸ್ವೆಟರ್ ಕೈಯಲ್ಲೇ ಇರಲಿ. ಕಾಲುಚೀಲ ಹಾಕಿಕೋ. ನಿಗಾರ್‌ಗೆ ಹಸಿರು ಗಾಜಿನ ಬಳೆ ಬೇಕಂತೆ.

ನಿನ್ನ,
ಮುಸರ್ರತ್

*

ಲೀಡ್ಸ್
14 ಜನವರಿ 2025

ಅಮ್ಮಿಗೆ ಸಲಾಂ.

ನೀನು ರಾಯಚೂರು ಮುಟ್ಟಿದ್ದು ಮೀರಾಹುಸೇನ ಮಾಮೂನಿಂದ ತಿಳಿಯಿತು. ನನಗೆ ಒಂದು ಮಾತು ಹೇಳಲಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ.

ಇಲ್ಲಿ ಮೂರು ವಾರ ಇದ್ದೆ. ನಿಗಾರ್ ಜೊತೆ ಆಡಿದೆ, ಜಹೀರ್‌ಗೆ ಬಿಸಿ ಬಿಸಿ ರೊಟ್ಟಿ ಬಡಿದು ಹಾಕಿದೆ. ನನ್ನ ಜೊತೆ ಮಾತ್ರ ಕೇಳಿದ್ದಕ್ಕೆ ಹೂಂ, ಊಹೂಂ. ಚಳಿ ಹಿಡಿಸಿರಬೇಕು ಅಂದುಕೊಂಡೆ. ಹೊರಡುವ ದಿನ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯ ಹುಡುಗಿ ನಿನ್ನ ಹೆಸರು ಹಿಡಿದು ನಿಂತಿದ್ದಳು. ನೀನು ಅವಳನ್ನು ದಾಟಿಕೊಂಡು ಬ್ಯಾಗು ಎಳೆಯುತ್ತಾ ಒಳಗೆ ಹೋಗಿಬಿಟ್ಟೆ. ನಿಗಾರ್ ಕೈ ಬೀಸುತ್ತಲೇ ಇದ್ದಳು, ನೀನು ಒಮ್ಮೆಯೂ ತಿರುಗಿ ನೋಡಲಿಲ್ಲ. ಆ ಹುಡುಗಿ ಖಾಲಿ ಕುರ್ಚಿ ಹಿಡಿದುಕೊಂಡು ನನ್ನ ಮುಖ ನೋಡಿದಳು. ನಾನು ಏನು ಹೇಳಬೇಕಿತ್ತು?

ನಾನೇನು ತಪ್ಪು ಮಾಡಿದೆ ಅಮ್ಮಿ? ಜಗಳವಾದರೂ ಆಡು.

ಮುಸರ್ರತ್

*

ರಾಯಚೂರು
19 ಜನವರಿ 2025

ಮುಸರ್ರತ್,

ಜಗಳ ಬೇಕೇ? ತಗೋ.

ನನಗೆ ಕಾಲಿಲ್ಲ ಅಂತ ನಿನಗೆ ಹೇಳಿದವರು ಯಾರು?

ಶಂಷಾಬಾದಿನ ವಿಮಾನ ನಿಲ್ದಾಣದಲ್ಲಿ ಕಾರಿಳಿದು ಬಾಗಿಲಿಗೆ ಬಂದೆ. ಒಬ್ಬ ಹುಡುಗಿ ಗಾಲಿಕುರ್ಚಿ ಹಿಡಿದು 'ಅಮೀರ್ ಬೀ, ಅಮೀರ್ ಬೀ' ಅಂತ ಕೂಗುತ್ತಿದ್ದಳು. ಪಾಪ, ನನ್ನದೇ ಹೆಸರಿನ ಯಾವಳೋ ಮುದುಕಿಗೆ ಕಾಲು ಹೋಗಿದೆ ಅಂದುಕೊಂಡೆ. ಆ ಮುದುಕಿ ನಾನೇ! ಬೇಡಮ್ಮಾ, ನಡೀತೀನಿ ಅಂದರೆ ಟಿಕೆಟ್ಟಿನಲ್ಲಿ ಹೀಗೇ ಬರೆದಿದೆ, ಕೂರಲೇಬೇಕು ಅಂದಳು. ಬಿಡಲು ಬಂದಿದ್ದ ನಿನ್ನ ಮಾಮೂ ಹಲ್ಲು ಕಿಸಿದು, "ಕುಂದ್ರು ಆಪಾ, ನವಾಬರ ಸವಾರಿ ಮಾಡು," ಅಂದ. ಅಲ್ಲೇ ಅವನ ಕೆನ್ನೆಗೆ ಬಾರಿಸಬೇಕಿತ್ತು.

ಕುರ್ಚಿಯಲ್ಲಿ ಕೂತ ಕ್ಷಣದಿಂದ ನಾನು ಮನುಷ್ಯಳಲ್ಲ, ಗಂಟುಮೂಟೆ. ವಿಮಾನದ ಬಾಗಿಲಲ್ಲಿ ಕೆಂಪು ಟೋಪಿ ಹಾಕಿಕೊಂಡ ಗಗನಸಖಿ ನನ್ನ ತಲೆಯ ಮೇಲಿಂದ ಕುರ್ಚಿ ತಳ್ಳುವವಳನ್ನು ಕೇಳುತ್ತಾಳೆ, ಇವರು ಏಳಬಲ್ಲರಾ, ಇವರು ಮಾಂಸ ತಿನ್ನುತ್ತಾರಾ, ಇವರಿಗೆ ಚಹಾ ಬೇಕಾ ಅಂತ. ನನ್ನ ಬಾಯಿ ನನ್ನ ಮುಖದ ಮೇಲೇ ಇತ್ತು, ಅವಳಿಗೆ ಕಾಣಲಿಲ್ಲ! ಚಹಾ ಬೇಕಿತ್ತು, ಸಿಟ್ಟಿಗೆ ಬೇಡ ಅಂದೆ. ಮುಂದಿನವ ಸೀಟು ಹಿಂದಕ್ಕೆ ಒರಗಿಸಿ ನನ್ನ ಮಡಿಲಲ್ಲೇ ತಲೆಯಿಟ್ಟ. ಪಕ್ಕದವ ತೋಳು ಹರಡಿ ನನ್ನ ಜಾಗವನ್ನೂ ತನ್ನದು ಮಾಡಿಕೊಂಡ. ಹಿಂದಿನ ಸೀಟಿನ ಕೂಸು ಅತ್ತದ್ದೇ ಅತ್ತದ್ದು, ಅದರ ತಾಯಿಯೂ ಅಳುತ್ತಿದ್ದಳು. ಕಿವಿ ಮುಚ್ಚಿಕೊಂಡಿತು, ಕಾಲು ಊದಿತು. ಅದೆಲ್ಲ ಇರಲಿ, ಹಬ್ಬದ ಹೊತ್ತಿನಲ್ಲಿ ಕುರ್ಡಿಯ ಬಸ್ಸಿನಲ್ಲೂ ಹೀಗೇ ಇರುತ್ತದೆ. ಆದರೆ ಕುರ್ಡಿಯ ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನೇ ಕೇಳುತ್ತಾನೆ, "ಎಲ್ಲಿಗಬೇ?" ಅಂತ.

ಗಲ್ಫ್‌ನಲ್ಲಿ ಇಳಿಸಿದರು. ಅಂಥ ಗದ್ದಲವನ್ನು ನಾನು ಯಾವ ಸಂತೆಯಲ್ಲೂ ಕಂಡಿಲ್ಲ. ಎಲ್ಲರ ಕೈಯಲ್ಲೂ ಬಣ್ಣದ ಕಾಗದ ಸುತ್ತಿದ ಪೊಟ್ಟಣ, ಎಲ್ಲರೂ ಓಟ. ಒಂದು ದೊಡ್ಡ ಕ್ರಿಸ್‌ಮಸ್ ಗಿಡ ನಿಲ್ಲಿಸಿದ್ದರು. ಅದರ ಹಿಂದಿನ ಮೂಲೆಗೆ ನನ್ನನ್ನು ತಳ್ಳಿಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದರು. ಹೌದು, ಅಲ್ಲಿ ಸಾಲೇ ಇತ್ತು. ನನ್ನಂಥವೇ ಹೆಂಗಸರು, ಕುರ್ಚಿಯಲ್ಲಿ ಕೂತು ಗಿಡದ ಹಿಂಭಾಗ ನೋಡುತ್ತಿದ್ದರು. ನಿಜಾಮಾಬಾದಿನವಳೊಬ್ಬಳು, ಪಂಜಾಬಿನವಳೊಬ್ಬಳು, ಇನ್ನೂ ಕೆಲವರು. "ನಿಮಗ ಏನಾಗ್ಯದ್ರೀ ಕಾಲಿಗೆ?" ಅಂತ ದಖನಿಯಲ್ಲೇ ಕೇಳಿದೆ. ಏನೂ ಆಗಿಲ್ಲ! ನಿಜಾಮಾಬಾದಿನವಳು ಮೊನ್ನೆ ತನಕ ಗದ್ದೆಯಲ್ಲಿ ನಾಟಿ ಮಾಡಿದವಳು. ಎಲ್ಲರ ಮಕ್ಕಳೂ ನಿನ್ನ ಹಾಗೇ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಆದ್ದರಿಂದ ಅಮ್ಮನಿಗೆ ಕಾಲಿಲ್ಲ.

ಭಾಷೆ ಅಂದೆನಲ್ಲ, ಇದನ್ನು ಕೇಳು. ನಮ್ಮನ್ನು ಕಾಯುತ್ತಿದ್ದ ಸೈಫುದ್ದೀನ್ ಬೀದರಿನವನು. ದಖನಿಯೂ ಬರುತ್ತದೆ, ಕನ್ನಡವೂ ಬರುತ್ತದೆ. ಭಾಷೆ ಬರದೆಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದೆ, ಆ ಕುರ್ಚಿ ತಳ್ಳುವವನು ನನ್ನ ಭಾಷೆಯವನೇ! ನಾನು ಎದ್ದರೆ ಓಡಿ ಬರುತ್ತಿದ್ದ. "ಕುಂದರ್ರಿ ಅಮ್ಮಾ, ಏಳಬ್ಯಾಡ್ರಿ. ನೀವು ಬಿದ್ದರ ನನ್ನ ನೌಕರಿ ಹೋಗ್ತದ." ನನ್ನ ವಯಸ್ಸಿಗೆ ಉಚ್ಚೆಗೆ ಹೋಗಲೂ ಅಪ್ಪಣೆ ಕೇಳಿದೆ, ಮುಸರ್ರತ್.

ಅಷ್ಟರಲ್ಲಿ ಒಬ್ಬಳು ಗೋಡೆ ಹಿಡಿದು ಹಿಡಿದು ಬಂದಳು. ಹೆಸರು ಯಂಕಮ್ಮ, ನಮ್ಮ ಪಕ್ಕದ ಗದ್ವಾಲದವಳು. ಅವಳದೂ ಮ್ಯಾಂಚೆಸ್ಟರ್ ವಿಮಾನವೇ. ಎರಡೂ ಮೊಳಕಾಲು ಬಾತು ಕುಂಬಳಕಾಯಿ ಆಗಿದ್ದವು. ನೆಲದ ಮೇಲೇ ಕೂತುಬಿಟ್ಟಳು.

"ಕುರ್ಚಿ ಬರೆಸಲಿಲ್ಲೇನವ್ವಾ?" ಅಂದೆ.

"ಮಗ ಕೇಳಿದ್ದ. ನನಗ್ಯಾಕಪ್ಪಾ ಕುರ್ಚಿ, ಇನ್ನಾ ಗಟ್ಟಿ ಅದೀನಿ ಅಂದೆ. ಇಷ್ಟು ದೂರ ನಡಿಬೇಕಂತ ಯಾರಿಗೆ ಗೊತ್ತಿತ್ತು?" ಅಂದಳು.

ಇವರಿಗೊಂದು ಕುರ್ಚಿ ತಾರಪ್ಪಾ ಅಂತ ಸೈಫುದ್ದೀನನಿಗೆ ಹೇಳಿದೆ. "ಒಂದೂ ಖಾಲಿ ಇಲ್ರೀ. ಹಬ್ಬದ ಗದ್ದಲ, ಎಲ್ಲಾ ಬುಕ್ ಆಗ್ಯಾವು," ಅಂದ. ಯಾರ ಹೆಸರಿಗೆ ಬುಕ್ ಆಗಿದ್ದವು? ನಮ್ಮ ಹೆಸರಿಗೆ! ಕಾಲಿದ್ದವರೆಲ್ಲ ಸಾಲಾಗಿ ಕುರ್ಚಿಯಲ್ಲಿ, ಕಾಲು ಹೋದವಳು ನೆಲದಲ್ಲಿ. ನನಗೆ ಮೈಯೆಲ್ಲ ಉರಿದುಹೋಯಿತು.

ಎದ್ದೆ. ಅವಳನ್ನು ಎತ್ತಿ ನನ್ನ ಕುರ್ಚಿಯಲ್ಲಿ ಕೂರಿಸಿದೆ. ಸೈಫುದ್ದೀನ್ ಬಾಯಿ ಬಾಯಿ ಬಿಟ್ಟ. "ಅದು ನಿಮ್ಮ ಹೆಸರಿಂದು ಅದರೀ ಅಮ್ಮಾ!" ಅಂದ. "ನನ್ನ ಹೆಸರಿಂದು ಅಂದಮ್ಯಾಲೆ ನನ್ನದಾತು. ನನ್ನದನ್ನ ನಾ ಯಾರಿಗೆ ಬೇಕಾದ್ರೂ ಕೊಡ್ತೀನಿ, ಸರಿ," ಅಂದು ನಾನೇ ತಳ್ಳಿಕೊಂಡು ಹೊರಟೆ. ಹಿಂದೆ ಸದ್ದಾಯಿತು. ತಿರುಗಿ ನೋಡಿದರೆ ಅದೇ ವಿಮಾನದ ನಿಜಾಮಾಬಾದಿನವಳೂ ಪಂಜಾಬಿನವಳೂ ಎದ್ದು ಸೀರೆ, ದುಪಟ್ಟಾ ಸರಿಮಾಡಿಕೊಂಡು ನಡೆದು ಬರುತ್ತಿದ್ದಾರೆ. ಖಾಲಿ ಕುರ್ಚಿಗಳನ್ನು ಎಳೆದುಕೊಂಡು ಸೈಫುದ್ದೀನ್ ಓಡಿ ಬರುತ್ತಿದ್ದಾನೆ. ಓಡುತ್ತಿದ್ದ ಬಿಳಿಯರೂ ನಿಂತು ನೋಡಿದರು. ಆ ಹೊತ್ತು ನನಗೆ ಎಷ್ಟು ಖುಷಿಯಾಗಿತ್ತು ಗೊತ್ತೇ?

ಇಲ್ಲಿಗೇ ಮುಗಿದಿದ್ದರೆ ನಿನ್ನ ಮನೆಗೆ ಬಂದ ದಿನವೇ ನಗುತ್ತಾ ಹೇಳುತ್ತಿದ್ದೆ. ವಿಮಾನದ ಬಾಗಿಲ ಹತ್ತಿರ ಕೋಟು ಹಾಕಿಕೊಂಡ ಮೇಲಧಿಕಾರಿ ನಿಂತಿದ್ದ. ಪಟ್ಟಿ ನೋಡಿದ. ಕುರ್ಚಿ ಅಮೀರ್ ಬೀಯದು, ಕೂತವಳು ಯಂಕಮ್ಮ. ಅವಳನ್ನು ಇಳಿಸಿದ. ಸೈಫುದ್ದೀನನಿಗೆ ಎಲ್ಲರ ಮುಂದೆ ನಾಯಿಗೆ ಬೈದಂತೆ ಬೈದ. ಅವನು ನನಗೆ ಕೈ ಮುಗಿದು, "ಕುಂದರ್ರಿ ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ," ಅಂದ. ಕಣ್ಣಲ್ಲಿ ನೀರಿತ್ತು. ನಾನು ಕೂತೆ, ಮುಸರ್ರತ್. ಗಟ್ಟಿ ಕಾಲಿನ ನಾನು ಕುರ್ಚಿಯಲ್ಲಿ ಕೂತು ಒಳಗೆ ಹೋದೆ. ಅವಳು ಗೋಡೆ ಹಿಡಿದು ನನ್ನ ಹಿಂದೆ ಬಂದಳು. ವಿಮಾನದಲ್ಲಿ ಎರಡು ಸಾಲು ಹಿಂದೆ ಕೂತು ನರಳುತ್ತಿದ್ದಳು, ಉದ್ದಕ್ಕೂ ನನ್ನ ಕಿವಿಗೆ ಬೀಳುತ್ತಿತ್ತು.

ಮ್ಯಾಂಚೆಸ್ಟರ್‌ನಲ್ಲಿ ಮತ್ತೆ ಅದೇ ಕುರ್ಚಿ. ಹೊರಗೆ ಬಂದರೆ ನೀನು ಹೂವು ಹಿಡಿದು ನಿಂತಿದ್ದೆ. 'ಅಮ್ಮಿ ಮಹಾರಾಣಿ!' ಅಂತ ಕೂಗಿ ಫೋಟೋ ತೆಗೆದೆ. ಸ್ಟೇಟಸ್ಸಿಗೂ ಹಾಕಿದೆ. ಆ ಫೋಟೋದ ಮೂಲೆಯಲ್ಲಿ ಕಂಬ ಹಿಡಿದು ನಿಂತ ಹೆಂಗಸು ಇದ್ದಾಳೆ, ತೆಗೆದು ನೋಡು. ಅವಳೇ ಯಂಕಮ್ಮ.

ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಬೇಕೇ, ಬೇಡವೇ? ಅಷ್ಟೇ. ಮೂರು ವಾರ ನಿನ್ನ ಮುಖ ನೋಡಿದಾಗಲೆಲ್ಲ ಈ ಮಾತು ಬಾಯಿಗೆ ಬರುತ್ತಿತ್ತು. ಆಡಿದರೆ ಅಳು ಬರುತ್ತಿತ್ತು, ಅದಕ್ಕೇ ಆಡಲಿಲ್ಲ. ಇನ್ನು ನಾನು ವಿಮಾನ ಹತ್ತುವುದಿಲ್ಲ. ಕೂಸನ್ನು ನೋಡಬೇಕೆನಿಸಿದರೆ ಫೋನಿನಲ್ಲಿ ನೋಡುತ್ತೇನೆ.

ಅಮೀರ್ ಬೀ

*

ಲೀಡ್ಸ್
2 ಫೆಬ್ರವರಿ 2025

ಅಮ್ಮಿ,

ಫೋಟೋ ತೆಗೆದು ನೋಡಿದೆ. ಇದ್ದಾಳೆ. ಸ್ಟೇಟಸ್ಸಿನಲ್ಲಿ ಅದು ಮರುದಿನವೇ ಹೋಗಿದೆ, ಆದರೆ ನೋಡಿದವರು ನೋಡಿಯಾಗಿದೆ.

ನೀನು ಬೈದದ್ದು ಸರಿ. ಈಗ ನಾನೂ ಸಿಟ್ಟಿನಲ್ಲಿದ್ದೇನೆ, ಕೇಳಿಸಿಕೋ.

ನಾನು ಮೊದಲ ಸಲ ಇಲ್ಲಿಗೆ ಹೊರಟದ್ದೂ ಇದೇ ಕ್ರಿಸ್‌ಮಸ್ ವಾರದಲ್ಲಿ, ನೆನಪಿದೆಯೇ? ನೀನು ಇಡೀ ಓಣಿಗೆ ಮಿಠಾಯಿ ಹಂಚಿದೆ. ಅದೇ ಗಲ್ಫ್ ನಿಲ್ದಾಣದಲ್ಲಿ ಇಳಿದೆ. ಈ ಕಡೆ ಹಿಮ ಬಿದ್ದು ವಿಮಾನ ರದ್ದಾಗಿತ್ತು. ಕೌಂಟರಿನಲ್ಲಿ ಮಾತಾಡಲು ಹೋದರೆ ನನ್ನ ಇಂಗ್ಲಿಷ್ ಅವರಿಗೆ ತಿಳಿಯಲಿಲ್ಲ, ಅವರದು ನನಗೆ ತಿಳಿಯಲಿಲ್ಲ. ಹಿಂದಿನವರು ತಳ್ಳಿ ಮುಂದೆ ಹೋದರು. ಶೌಚಾಲಯದ ಬಾಗಿಲ ಪಕ್ಕ ನೆಲದ ಮೇಲೆ ಬ್ಯಾಗು ತಬ್ಬಿಕೊಂಡು ಕೂತೆ. ಮರುದಿನವೂ ಅಲ್ಲೇ ಇದ್ದೆ. ಹಬ್ಬದ ಹಾಡು ಹಾಕಿದ್ದೇ ಹಾಕಿದ್ದು. ನೀನು ಫೋನ್ ಮಾಡಿದಾಗ 'ಎಲ್ಲಾ ಚೊಲೋ ಅದ ಅಮ್ಮಿ, ಹೋಟೆಲ್ ಕೊಟ್ಟಾರ' ಅಂದೆ. ಹೋಟೆಲ್ ಕೊಟ್ಟಿರಲಿಲ್ಲ.

ಗಾಲಿಕುರ್ಚಿಯಲ್ಲಿ ಕೂತವರನ್ನು ಮಾತ್ರ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಹೊದಿಕೆ ಕೊಟ್ಟರು, ಊಟ ಕೊಟ್ಟರು, ಮೊದಲ ವಿಮಾನಕ್ಕೆ ಹತ್ತಿಸಿದರು. ಕಾಲು ಗಟ್ಟಿಯಿದ್ದ ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಅಮ್ಮಿ ಈ ದಾರಿಯಲ್ಲಿ ಎಂದಾದರೂ ಬಂದರೆ ಅವಳ ಹೆಸರನ್ನು ಒಬ್ಬರಾದರೂ ಕರೆಯಬೇಕು ಅಂತ ಅವತ್ತೇ ತೀರ್ಮಾನಿಸಿದ್ದೆ. ನಿನಗೆ ಕಾಲಿಲ್ಲ ಅಂತಲ್ಲ, ಅಮ್ಮಿ. ನೀನು ಆ ನೆಲದ ಮೇಲೆ ಕೂರಬಾರದು ಅಂತ.

ಇನ್ನೊಂದು ಮಾತು. ಕೇಳಬಾರದಿತ್ತೇ ಅಂದೆ. ಯಂಕಮ್ಮನ ಮಗ ಕೇಳಿದ. ಅವಳು ಏನಂದಳು? 'ಇನ್ನಾ ಗಟ್ಟಿ ಅದೀನಿ.' ನೀನೇ ಬರೆದಿದ್ದೀಯ. ನೀವೆಲ್ಲ ಹೀಗೇ. ಹಲ್ಲು ನೋವೆಂದರೂ ಹೇಳುವವರಲ್ಲ. ಮುಂದೊಂದು ದಿನ ನಿನಗೆ ನಿಜವಾಗಿ ಬೇಕಾದಾಗ ನಾನು ಕೇಳಿದರೆ, ನೀನು ಏನನ್ನುತ್ತೀ? ಇದಕ್ಕೆ ಉತ್ತರ ಬರೆ.

ಮುಸರ್ರತ್

*

ರಾಯಚೂರು
12 ಮಾರ್ಚ್ 2025

ಮುಸರ್ರತ್‌ಗೆ,

ತಡವಾಯಿತು. ರಂಜಾನ್ ತಿಂಗಳು, ಉಪವಾಸ, ಮೇಲೆ ಹಬ್ಬದ ವ್ಯಾಪಾರ. ಯರಗೇರಾ ಕಾಲೇಜಿನ ಹುಡುಗಿಯರು ಬಂದರೆ ಅಂಗಡಿಯನ್ನೇ ಕೆಳಗಿಳಿಸಿ ಹೋಗುತ್ತಾರೆ. ಆದರೆ ತಡಕ್ಕೆ ಅದು ಕಾರಣವಲ್ಲ. ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಕೂತು ಮೂರು ಹಾಳೆ ಹರಿದು ಹಾಕಿದೆ.

ನನ್ನ ಕಸುಬು ನಿನಗೆ ಗೊತ್ತು. ಬಳೆಗಾರ್ತಿ ಯಾರ ಕೈಯನ್ನೂ ಕೇಳದೆ ಹಿಡಿಯುವುದಿಲ್ಲ. "ಯಾವ ಬಣ್ಣರೀ? ಎಷ್ಟು ಇಡಲಿ?" ಅಂತ ಕೇಳಿ, ಅವಳಾಗಿ ಕೈ ಚಾಚಿದ ಮೇಲೆಯೇ ಬೆರಳುಗಂಟು ಒತ್ತಿ ಏರಿಸಬೇಕು. ಬೇಡ ಅಂದರೆ ಬುಟ್ಟಿ ಮುಚ್ಚಿ ಮುಂದಿನ ಮನೆಗೆ ನಡೆಯಬೇಕು. ಎಳೆದು ತೊಡಿಸಿದರೆ ಬಳೆಯೂ ಒಡೆಯುತ್ತದೆ, ಕೈಗೂ ಗಾಯ. ಬೇಡ ಅಂದವಳು ಬೇಕೆನಿಸಿದಾಗ ತಾನೇ ಕರೆಯುತ್ತಾಳೆ. ಕರೆಯದಿದ್ದರೆ ಅದು ಅವಳ ಕೈ.

ನೀನು ನೆಲದ ಮೇಲೆ ಕೂತದ್ದನ್ನು ಇಷ್ಟು ವರ್ಷ ನನಗೆ ಹೇಳಲಿಲ್ಲವಲ್ಲ, ಅದಕ್ಕೆ ನನಗೆ ಬೇರೆಯೇ ಸಿಟ್ಟಿದೆ. ನಾನು ಮಿಠಾಯಿ ಹಂಚುತ್ತಿದ್ದಾಗ ನನ್ನ ಮಗಳು ಶೌಚಾಲಯದ ಬಾಗಿಲಲ್ಲಿದ್ದಳು. ನಿನ್ನ ಕಾಗದ ಓದಿ ಜಮೀರ್ ಮೂಗು ಒರೆಸಿಕೊಂಡ. ನಾನೂ ಒರೆಸಿಕೊಂಡೆ.

ಆದರೂ ವಿಮಾನ ಹತ್ತುವುದಿಲ್ಲ.

ಅಮ್ಮಿ

*

ಲೀಡ್ಸ್
20 ಅಕ್ಟೋಬರ್ 2025

ಪ್ರೀತಿಯ ಅಮ್ಮಿಗೆ,

ಈ ವರ್ಷವೂ ಕ್ರಿಸ್‌ಮಸ್ಸಿಗೆ ನಮ್ಮಿಬ್ಬರಿಗೂ ಡ್ಯೂಟಿ ಹಾಕಿದ್ದಾರೆ. ನಿಗಾರ್‌ಳ ಹಸಿರು ಬಳೆಗಳಲ್ಲಿ ಒಂದೇ ಉಳಿದಿದೆ. ಶಾಲೆಗೆ ಹಾಕಿಕೊಂಡು ಹೋಗುವಂತಿಲ್ಲವೆಂದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ.

ನಾನು ಟಿಕೆಟ್ ತೆಗೆದಿಲ್ಲ. ಕೇಳುತ್ತಿದ್ದೇನೆ. ಬರುತ್ತೀಯಾ?

ಬರುವುದಾದರೆ ಇನ್ನೊಂದು ಪ್ರಶ್ನೆ. ಗಾಲಿಕುರ್ಚಿ ಬೇಕೇ, ಬೇಡವೇ? ಮಾಮೂನನ್ನು ಕೇಳುವುದಿಲ್ಲ, ಜಮೀರ್‌ನನ್ನು ಕೇಳುವುದಿಲ್ಲ. ನೀನು ಬೇಡ ಅಂದರೆ ಬೇಡ, ಎರಡನೇ ಸಲ ಕೇಳುವುದಿಲ್ಲ. ನಿನ್ನ ಕಾಲು.

ಮುಸರ್ರತ್

*

ರಾಯಚೂರು
3 ನವೆಂಬರ್ 2025

ಮಗಳೇ,

ನಿನ್ನ ಕಾಗದಕ್ಕೆ ಅವತ್ತೇ ಉತ್ತರ ಬರೆದಿದ್ದೆ. 'ಬರುತ್ತೇನೆ. ಕುರ್ಚಿ ಬೇಡ. ಇನ್ನೂ ಗಟ್ಟಿ ಇದ್ದೇನೆ.' ಇಷ್ಟೇ ಬರೆದು ಫೋಟೋ ತೆಗೆಯಲು ಜಮೀರ್‌ಗೆ ಕೊಟ್ಟೆ. ಅವನು ಫೋನ್ ಮೇಲೆತ್ತಿದ, ಕೆಳಗಿಳಿಸಿದ, ನನ್ನ ಮುಖ ನೋಡಿದ.

"ಅಮ್ಮಾ, ಗದ್ವಾಲದ ಯಂಕಮ್ಮನೂ ಹಿಂಗ ಅಂದಿದ್ದಳಲ್ರೀ," ಅಂದ.

"ಊರವರ ಕಾಗದ ಓದೋ ಚಟ ಬಿಡು ಲೇ!" ಅಂತ ಬೈದು ಕಾಗದ ಕಸಿದುಕೊಂಡು ಬಂದೆ. ಅವನ ಕಟ್ಟೆಯ ಎರಡು ಮೆಟ್ಟಿಲು ಇಳಿಯಲು ಅವನ ಬಾಗಿಲನ್ನೇ ಹಿಡಿಯಬೇಕಾಯಿತು. ಅವನು ನೋಡುತ್ತಿದ್ದ.

ಮಳೆಗಾಲದಲ್ಲಿ ಮಾನ್ವಿಯಲ್ಲಿ ಬಸ್ಸು ಇಳಿಯುವಾಗ ಕಾಲು ಜಾರಿತು. ಬಳೆ ಡಬ್ಬಿ ಒಡೆಯಬಾರದೆಂದು ಅದನ್ನು ಎತ್ತಿ ಹಿಡಿದೆ, ಮೊಳಕಾಲು ನೆಲಕ್ಕೆ ಬಡಿಯಿತು. ಡಬ್ಬಿಯಲ್ಲಿ ಒಂದು ಬಳೆಯೂ ಒಡೆಯಲಿಲ್ಲ. ಕಾಲು ಮಾತ್ರ ಅವತ್ತಿನಿಂದ ನನ್ನ ಮಾತು ಕೇಳುತ್ತಿಲ್ಲ. ದೇವದುರ್ಗದ ಸಂತೆ ಬಿಟ್ಟಿದ್ದೇನೆ. ಅಂಗಡಿಗೆ ಆಟೋದಲ್ಲಿ ಹೋಗುತ್ತೇನೆ. ಮೊದಲ ದಿನ ಕೈ ತೋರಿಸಿದಾಗ ಆಟೋದವನು ಬೇರೆ ಯಾರನ್ನೋ ಕರೆಯುತ್ತಿದ್ದಾಳೆಂದು ಹಿಂದೆ ತಿರುಗಿ ನೋಡಿದ. ನಿನಗೆ ಹೇಳಬಾರದೆಂದು ನಿನ್ನ ಮಾಮೂನಿಂದ ಆಣೆ ಮಾಡಿಸಿಕೊಂಡಿದ್ದೆ. ನೀನು ಫೋನಿನಲ್ಲಿ ನೋಡುವಾಗೆಲ್ಲ ನಾನು ಕೂತೇ ಇರುತ್ತಿದ್ದೆ, ನಿನಗೂ ತಿಳಿಯಲಿಲ್ಲ. ನರ್ಸು ಬೇರೆ!

ನೀನು ಕೇಳದೆ ಬರೆಸಿದ್ದರೆ ಈ ಕಾಲಿನಲ್ಲೇ ಕುಂಟುತ್ತಾ ಆ ನಿಲ್ದಾಣ ದಾಟುತ್ತಿದ್ದೆ, ಅಲ್ಲಾಹನಾಣೆ, ಕುರ್ಚಿ ಮುಟ್ಟುತ್ತಿರಲಿಲ್ಲ. ಕೇಳಿದ್ದೀಯ. ಅದಕ್ಕೆ ಹೇಳುತ್ತಿದ್ದೇನೆ.

ಬೇಕು.

ಬರೆಸು. ಈ ಸಲ ಅದು ನನ್ನದೇ, ಯಾರ ಪಾಲನ್ನೂ ಕಸಿದದ್ದಲ್ಲ. ಚಹಾ ಬೇಕೇ ಅಂತ ಮಾತ್ರ ನನ್ನನ್ನೇ ಕೇಳಲಿ, ಇಲ್ಲದಿದ್ದರೆ ವಿಮಾನದಲ್ಲೇ ಜಗಳ ತೆಗೆಯುತ್ತೇನೆ. ಸೈಫುದ್ದೀನ್ ಇನ್ನೂ ಅಲ್ಲಿದ್ದರೆ ಅವನ ಹೆಂಡತಿಗೆಂದು ಒಂದು ಡಜನ್ ಬಳೆ ಕಟ್ಟಿಟ್ಟಿದ್ದೇನೆ. ನಿಗಾರ್‌ಗೆ ಹಸಿರು ಬಳೆ ಬೇರೆ ಇದೆ.

ಮ್ಯಾಂಚೆಸ್ಟರ್‌ನಲ್ಲಿ ಹೂವು ಹಿಡಿದು ನಿಂತುಕೋ. ಕುರ್ಚಿ ಹೊರಗೆ ಬಂದಾಗ ಫೋಟೋ ತೆಗೆಯಲೇ ಅಂತ ಮೊದಲು ಕೇಳು.

ತೆಗಿ ಅನ್ನುತ್ತೇನೆ.

ನಿನ್ನ ಅಮ್ಮಿ,
ಅಮೀರ್ ಬೀ